ಟೈಲರಕ್ಕನ ತಂಗಿ

ಹೊಸ್ತಿಲ ಮುಂದೆ ಚೆಲ್ಲಾಡಿದ್ದ ಚಪ್ಪಲಿಗಳನ್ನು ತಂಗಿ ಕಾಲಿನಿಂದಲೇ ಗೋಡೆಯ ಬದಿಗೆ ತಳ್ಳುತ್ತಿದ್ದಳು. ಒಂದೊಂದೂ ಮೊರದಷ್ಟು ಅಗಲ. ಪಟ್ಟಿ ಸಾಲದ್ದಕ್ಕೆ ಹಳೆಯ ಟೈರಿನ ತುಂಡು ಸೇರಿಸಿ ಹೊಲಿದವೂ ಇದ್ದವು. ಅವುಗಳ ಒಡೆಯರು ಒಳಗೆ ಅಕ್ಕನ ಹೆಣದ ಸುತ್ತ ಕೂತಿದ್ದರು. ಸುತ್ತಲಿನ ಹಳ್ಳಿಗಳಿಂದ ಬಂದವರು. ಅಕ್ಕನಂತೆ ಎಲ್ಲರಿಗೂ ಆನೆಕಾಲು.

ಹೆಣದ ಪಕ್ಕದಲ್ಲೇ ಕೂತು ಇಟ್ಟಿಗೆ ಗೂಡಿನ ಕೆಲಸದ ಹೆಂಗಸೊಬ್ಬಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ತಂಗಿಗೆ ಬೆಳಿಗ್ಗೆಯಿಂದ ಒಂದು ಹನಿಯೂ ಬಂದಿರಲಿಲ್ಲ.

"ಸ್ವಲ್ಪ ಸರೀರಿ. ಅದು ಮನೆಯವರು ಕೂರೋ ಜಾಗ."

ಆಕೆ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ನೀವ್ಯಾರಮ್ಮ?"

"ಒಡಹುಟ್ಟಿದ ತಂಗಿ."

"ಬಕೆಟ್ ನೀರು ತಂದು ಬಾಗಿಲಲ್ಲಿ ಇಟ್ಟು ಹೋಗ್ತಿದ್ರಲ್ಲ, ನೀವೇನಾ? ಮನೆ ಕೆಲಸದವರು ಅಂದ್ಕೊಂಡಿದ್ದೆ." ಆಕೆಯ ದನಿಯಲ್ಲಿ ಕೊಂಕಿರಲಿಲ್ಲ. "ನನ್ನ ಕಾಲಿನ ವಾಸನೆಗೆ ಗಂಡನೇ ಹತ್ತಿರ ಬರ್ತಿರಲಿಲ್ಲ. ಟೈಲರಕ್ಕ ಮೂಗು ಮುಚ್ಚದೆ ತೊಳೆದ್ರು. ನನಗೆ ಅವರೇ ತಾಯಿ."

ನಿನಗೆ ತಾಯಿಯೂ ಆದಳೇ, ಎಂದುಕೊಂಡಳು ತಂಗಿ. ನನ್ನ ತಾಯಿಯನ್ನು ನುಂಗಿದ್ದು ಸಾಲದೆ.

*

ಆಗ ಅಕ್ಕನಿಗೆ ಹದಿನಾಲ್ಕು, ತಂಗಿಗೆ ಎಂಟು. ಸೊಳ್ಳೆ ಕಚ್ಚಿದಾಗ ಮೈಗೆ ಸೇರಿದ ಹುಳ ಎಂದು ನರ್ಸ್ ಹೇಳಿದ್ದರು. ಅಕ್ಕನ ಮಂಡಿಯ ಕೆಳಗೆ ಚರ್ಮ ದಪ್ಪಗಾಗಿ, ತೊಗಟೆಯಂತೆ ಬಿರುಕು ಬಿಟ್ಟು, ಬಿರುಕಿನಲ್ಲಿ ನೀರೊಸರುತ್ತಿತ್ತು. ಅಮ್ಮ ದಿನವೂ ಸಂಜೆ ಸೋಪು ಹಚ್ಚಿ ತೊಳೆದು, ಮಡಿಕೆ ಮಡಿಕೆ ಬಿಡಿಸಿ ಒರೆಸಿ, ಮುಲಾಮು ಸವರುತ್ತಿದ್ದಳು. ಚಿಕ್ಕವಳು ಬಾಚಣಿಗೆ ಹಿಡಿದು ಬಾಗಿಲಲ್ಲಿ ನಿಂತರೆ, "ಇರೇ, ಬಂದೆ" ಎನ್ನುತ್ತಿದ್ದಳು. ಆ 'ಬಂದೆ' ಬರುವಷ್ಟರಲ್ಲಿ ಅವಳಿಗೆ ಜೊಂಪು ಹತ್ತಿರುತ್ತಿತ್ತು.

ಒಂದು ಮಧ್ಯಾಹ್ನ ಚಿಕ್ಕವಳು ಹಿತ್ತಲಲ್ಲಿ ಕೂತು ತನ್ನ ಮಂಡಿಯ ಕೆಳಗೆ ಹಗ್ಗ ಬಿಗಿದುಕೊಂಡಳು. ಕಾಲು ಊದಿ ನೀಲಿಯಾದಾಗ ಖುಷಿಯಿಂದ ಕುಂಟುತ್ತಾ ಅಮ್ಮನ ಹತ್ತಿರ ಹೋದಳು. ಅಮ್ಮ ಹಗ್ಗ ಕತ್ತರಿಸಿ ಕೆನ್ನೆಗೆ ಬಾರಿಸಿದಳು.

"ಅಮ್ಮಾ, ಇವತ್ತು ಅವಳ ಕಾಲು ತೊಳಿ. ನಂದು ನಾಳೆ ಆಯ್ತು" ಎಂದಳು ಅಕ್ಕ.

ಏಟಿಗಿಂತ ಆ ಮಾತೇ ಹೆಚ್ಚು ಉರಿಯಿತು.

ಅಮ್ಮ ತೀರಿಕೊಂಡ ಮೇಲೆ ಅಕ್ಕ ತನ್ನ ಕಾಲನ್ನು ತಾನೇ ತೊಳೆದುಕೊಂಡಳು. ಆಮೇಲೆ ಟೈಲರ್ ಆಗಿ, ಪ್ರತಿ ಗುರುವಾರ ಹೊಲಿಗೆ ಬಿಟ್ಟು, ತನ್ನಂತೆ ಆನೆಕಾಲಾಗಿ ಬಂದವರ ಕಾಲನ್ನು ಹೊರಗಿನ ಕೋಣೆಯಲ್ಲಿ ತೊಳೆಯತೊಡಗಿದಳು. ಆ ಕೋಣೆಯಿಂದ ನಗು ಕೇಳುತ್ತಿತ್ತು. "ಬಾರೇ, ನೀನೂ ಕೂತ್ಕೋ" ಎಂದು ಕರೆದರೆ ತಂಗಿ, "ನನಗೇನು ರೋಗವೇ?" ಎಂದು ಬಕೆಟ್ ಕುಕ್ಕಿ ಹೋಗುತ್ತಿದ್ದಳು.

*

ಮಣ್ಣು ಮಾಡಿ ಬಂದು, ಜನ ಚದುರಿದ ಮೇಲೆ, ಕಾಲಿಗೆ ಬಟ್ಟೆ ಸುತ್ತಿಕೊಂಡ ಮುದಿ ಕುರುಬನೊಬ್ಬ ಕೋಲೂರಿಕೊಂಡು ಬಂದ.

"ಟೈಲರಕ್ಕ ಇಲ್ವೇನಮ್ಮ?"

"ಹೋಗ್ಬಿಟ್ಟಳು. ಈಗಷ್ಟೇ ಮಣ್ಣು ಮಾಡಿ ಬಂದ್ವಿ."

ಮುದುಕ ವಾಪಸು ಹೊರಡಲು ಕೋಲು ತಿರುಗಿಸಿದ.

"ಎಲ್ಲಿಗೆ ಹೊರಟ್ರಿ? ಕೂತ್ಕೊಳ್ಳಿ, ನಾನು ತೊಳೀತೀನಿ."

"ನಿಮಗೆ ಬರುತ್ತಾ?"

"ಅವಳಿಗಿಂತ ಚೆನ್ನಾಗೇ ಬರುತ್ತೆ."

ಕಾಲಿನ ಬಟ್ಟೆ ಬಿಚ್ಚಿದಾಗ ವಾಸನೆ ಮೂಗಿಗೆ ಹೊಡೆಯಿತು. ಉಸಿರು ಬಿಗಿಹಿಡಿದು ನೀರು ಹೊಯ್ದಳು, ಸೋಪು ಹಚ್ಚಿ ಉಜ್ಜಿದಳು. ಮುದುಕ ಕಾಲು ಸೆಳೆದುಕೊಂಡ.

"ಅಕ್ಕನ ಕೈ ಇಷ್ಟು ಒರಟಿರಲಿಲ್ಲಮ್ಮ."

ತಂಗಿಯ ಕೈ ನಿಂತಿತು. ಸತ್ತ ಮೇಲೂ ಅಕ್ಕನೇ. ಹಲ್ಲು ಕಚ್ಚಿ, ಆ ಭಾರದ ಕಾಲನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ಸೀರೆ ತೊಯ್ದು ತೊಡೆಗಂಟಿತು.

"ಈಗ?"

"ಅಕ್ಕ ಇನ್ನೂ ಮೆತ್ತಗೆ ಮುಟ್ಟೋರು."

ಅವಳು ಬೆರಳ ತುದಿಗೆ ಬಟ್ಟೆ ಸುತ್ತಿಕೊಂಡು, ಕಿರುಬೆರಳಿನ ಸಂದಿಯಿಂದ ಮತ್ತೆ ಶುರು ಮಾಡಿದಳು.