ಗೋಡೆಗೆ ಮುಖ ಮಾಡಿ ಕಲಿಸಿದ್ದು

ನಾಳೆ ಬೆಳಗ್ಗೆ ಆ ಹಾಸಿಗೆ ಬೇರೆಯವರಿಗೆ. ಅದರಲ್ಲಿರುವ ರೋಗಿ ಗಂಟಲಲ್ಲಿ ಕೊಳವೆ ಇಟ್ಟುಕೊಂಡೇ ಮನೆಗೆ ಹೋಗಬೇಕು. ಕೊಳವೆಯಲ್ಲಿ ಕಫ ಕಟ್ಟಿದರೆ ಕೂಡಲೇ ಯಂತ್ರದಿಂದ ಹೀರಿ ತೆಗೆಯಬೇಕು. ತಡವಾದರೆ ಉಸಿರೇ ನಿಂತುಹೋಗುತ್ತದೆ. ಇದನ್ನು ಮನೆಯವರಿಗೆ ಕಲಿಸುವುದು ವಾರ್ಡಿನ ನರ್ಸ್ ಆದ ನನ್ನ ಕೆಲಸ.

ಆತನ ತಮ್ಮ ಲಾರಿ ಡ್ರೈವರ್. ಮೊಬೈಲಿನಲ್ಲಿ ವಿಡಿಯೊ ನೋಡಿ ಒಂದೇ ಸಲಕ್ಕೆ ಕಲಿತುಬಿಟ್ಟ. ಆದರೆ ಲಾರಿ ಹತ್ತಿದರೆ ವಾರಗಟ್ಟಲೆ ಮನೆ ಕಡೆ ಬರುವವನಲ್ಲ. ಮನೆಯಲ್ಲಿ ಇರುವವಳು ರೋಗಿಯ ಹೆಂಡತಿ ಒಬ್ಬಳೇ.

ಆಕೆಗೂ ವಿಡಿಯೊ ತೋರಿಸಿದೆ. ಅದನ್ನು ಬಿಟ್ಟು ನನ್ನ ಮುಖ ನೋಡಿದಳು. ಚಿತ್ರ ಬರೆದು ಗೋಡೆಗೆ ಅಂಟಿಸಿದೆ. ಬಾಯಿಪಾಠ ಮಾಡಿಸಿದೆ, ಬಾಯಿಗೆ ಬಂದದ್ದು ಕೈಗೆ ಬರಲಿಲ್ಲ. ರಬ್ಬರ್ ಗೊಂಬೆಯ ಮೇಲೆ ಕೈ ಹಿಡಿದು ಮಾಡಿಸಿದೆ. ನಾನು ಕೈ ಬಿಟ್ಟದ್ದೇ ತಡ, ಆಕೆಯ ಬೆರಳು ಮರಗಟ್ಟಿದವು.

"ಗೊಂಬೆ ಏನ್ ಕಚ್ಚುತ್ತಾ ಅತ್ತಿಗೆ?"

"ನೀನು ಹೋಗಿ ಟೀ ಕುಡ್ಕೊಂಡ್ ಬಾರಪ್ಪ," ಎಂದು ಆಕೆ ಮೈದುನನನ್ನು ಅಟ್ಟಿದಳು.

ಒಂದೊಂದು ಸಲ ತಪ್ಪಿದಾಗಲೂ ನಾನು ಇನ್ನಷ್ಟು ಹತ್ತಿರ ಹೋಗಿ, ಇನ್ನಷ್ಟು ಕಣ್ಣಿಟ್ಟು ನೋಡುತ್ತಿದ್ದೆ. ಸಂಜೆ ಆತನ ಕೊಳವೆ ಗೊರಗುಟ್ಟಿತು. ಆಕೆ ತಡವರಿಸಿದಳು. ಹೀರುವ ನಳಿಕೆಯನ್ನು ನಾನೇ ಕಸಿದುಕೊಂಡು ಮಾಡಿ ಮುಗಿಸಿದೆ. ಆಕೆ ಹಿಂದೆ ಸರಿದು ಸೆರಗಿಗೆ ಕೈ ಒರೆಸಿಕೊಂಡಳು.

"ನಮ್ಮತ್ತೇನೂ ಹಿಂಗೇ ಪಕ್ಕದಲ್ಲಿ ನಿಂತು ನೋಡೋರು ಸಿಸ್ಟರ್. ಯಾರಾದ್ರೂ ನೋಡ್ತಾ ನಿಂತ್ರೆ ನನ್ನ ಕೈ ನಂದಲ್ಲ."

"ನೋಡೋದೇ ನನ್ನ ಕೆಲಸ ಅಕ್ಕಾ."

"ಹಂಗಾದ್ರೆ ನಂಗೆ ಬರಲ್ಲ, ಬಿಡಿ."

ಸ್ವಲ್ಪ ಹೊತ್ತಿಗೆ ಮತ್ತೆ ಗೊರಗೊರ. ನನ್ನ ಬಳಿ ಬೇರೆ ಉಪಾಯ ಉಳಿದಿರಲಿಲ್ಲ. ಗೋಡೆಗೆ ಮುಖ ಮಾಡಿ ನಿಂತೆ. ಕಣ್ಣೆದುರಿಗೆ ನಾನೇ ಅಂಟಿಸಿದ ಚಿತ್ರ.

ಕೈಗವಸು ಎಳೆದುಕೊಂಡ ಸದ್ದು. ಯಂತ್ರ ಗುಂಯ್‌ಗುಟ್ಟಿತು. ಆಮೇಲೆ ಹೀರುವ ಸದ್ದು ಕೇಳಬೇಕಿತ್ತು. ಕೇಳಲಿಲ್ಲ. ತಿರುಗಿದರೆ ಆಕೆಯ ಕೈ ಹೋಗುತ್ತದೆ. ತಿರುಗದಿದ್ದರೆ ಆತನೇ ಹೋಗಬಹುದು. ಮನೆಯಲ್ಲಿ ಬೆನ್ನು ತಿರುಗಿಸಿ ನಿಲ್ಲುವವರೂ ಇರುವುದಿಲ್ಲ ಎಂಬುದೊಂದೇ ತಲೆಯಲ್ಲಿ.

"ಕೆಮ್ರೀ! ಇಷ್ಟು ವರ್ಷ ಬೀದಿಗೆಲ್ಲ ಕೇಳೋ ಹಂಗೆ ಕೆಮ್ಮಿದೋರು, ಸಿಸ್ಟರ್ ಮುಂದೆ ಈಗೇನು ನಾಚ್ಕೆ?"

ಹಾಸಿಗೆ ಅದುರಿತು. ಕೆಮ್ಮು. ಹಿಂದೆಯೇ ಹೀರುವ ಸದ್ದು, ಚಿಕ್ಕದಾಗಿ. ಯಂತ್ರ ನಿಂತಿತು. ಗೊರಗೊರ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ.

"ಇನ್ನೂ ಇದೆ," ಎಂದಳು ಆಕೆ. "ಸ್ವಲ್ಪ ಉಸಿರಾಡ್ಲಿ, ಆಮೇಲೆ ಇನ್ನೊಂದ್ ಸಲ ಹಾಕ್ತೀನಿ. ತಿರುಗ್ಬೇಡಿ ಸಿಸ್ಟರ್."

ಆ ನಡುವಿನ ಬಿಡುವನ್ನು ಗೊಂಬೆಯ ಮೇಲೆ ಆಕೆ ಪ್ರತಿಸಲವೂ ಮರೆಯುತ್ತಿದ್ದಳು.

"ಇಲ್ಲ ಅಕ್ಕಾ," ಎಂದೆ. ಹಣೆಯನ್ನು ಗೋಡೆಗೆ ಒತ್ತಿ, ಕಣ್ಣು ಮುಚ್ಚಿಕೊಂಡೆ.