ಶಂಕ್ರಮ್ಮತ್ತಿಯ ಆರತಿ

ನಮ್ಮ ಮಾವ ನೀಲಕಂಠ ಅವರು ಆಸ್ಪತ್ರೆಯಿಂದ ಕಲಬುರಗಿಯ ಮನೆಗೆ ಬಂದಾಗ ಜೊತೆಗೆ ಒಂದು ಆಕ್ಸಿಜನ್ ಮಷೀನೂ ಬಂತು. ಮಂಚದ ಪಕ್ಕದಲ್ಲಿ ಅದು ಹಗಲೂ ರಾತ್ರಿ ಗುರುಗುಟ್ಟುತ್ತದೆ, ಅದರ ಕೊಳವೆ ಮಾವನ ಮೂಗಿಗೆ. ಬೀಡಿ, ಊದುಬತ್ತಿ, ದೀಪ ಯಾವುದನ್ನೂ ಅವರ ಹತ್ತಿರ ತರಬೇಡಿ, ಮುಖಕ್ಕೆ ವ್ಯಾಸಲೀನ್ ಸಹ ಹಚ್ಚಬೇಡಿ ಎಂದು ನರ್ಸಮ್ಮ ನನಗೆ ಬಾಯಿಪಾಠ ಮಾಡಿಸಿಯೇ ಕಳಿಸಿದ್ದಳು. ದೇವರ ಜಗುಲಿಯನ್ನು ಹಿಂದಿನ ಕೋಣೆಗೆ ಸಾಗಿಸಿ, ಮಾವನ ಕೋಣೆಯ ಬಾಗಿಲಿಗೆ 'ಬೆಂಕಿ ತರಬೇಡಿ' ಎಂದು ಬರೆದು ಅಂಟಿಸಿದೆ. ಊರಿಗೆಲ್ಲ ಬುದ್ಧಿ ಹೇಳುವ ಉಮೇದು ನನಗೆ ಮೊದಲಿನಿಂದಲೂ ಇದೆ.

ಮರುದಿನ ಮಾವನ ಅಕ್ಕ ಶಂಕ್ರಮ್ಮತ್ತಿ ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದಿಳಿದರು. ಬಗಲಲ್ಲಿ ಕೆಂಪು ಬಾಳೆಹಣ್ಣಿನ ಗೊನೆ, ಸೆರಗಿನ ತುದಿಯಲ್ಲಿ ಕರ್ಪೂರದ ಗಂಟು. ತಮ್ಮ ಜೀವಂತ ಮನೆಗೆ ಬಂದರೆ ಕರ್ಪೂರದಾರತಿ ಎತ್ತುತ್ತೇನೆ, ಆರತಿ ಆಗುವವರೆಗೆ ನೀರು ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಿದ್ದರಂತೆ. ಬಾಗಿಲ ಮೇಲಿನದನ್ನು ನಿಂತು ಓದಿ, "ಛಲೋ ಬರ್ದಿ ನೋಡವಾ" ಎಂದು ಹೊಗಳಿದರು. ತಮ್ಮನಿಗೆ ಚಹಾ ತರಲು ನನ್ನನ್ನು ಅಡುಗೆಮನೆಗೆ ಅಟ್ಟಿದರು.

ಚಹಾ ಸೋಸುವಾಗ ಗುರುಗುಟ್ಟುವ ಸದ್ದು ನಿಂತಿತು. ಓಡಿಬಂದು ನೋಡಿದರೆ ಮಷೀನು ಬಂದ್. ಕೊಳವೆ ಶಾಲಿನ ಮೇಲೆ ಬಿದ್ದಿದೆ. ಮಾವ ಮದುಮಗನ ಹಾಗೆ ಕಣ್ಣು ಮುಚ್ಚಿ ಕೂತಿದ್ದಾರೆ. ಎದುರಿಗೆ ಆರತಿ ತಟ್ಟೆ, ಅತ್ತಿಯ ಕೈಯಲ್ಲಿ ಕಡ್ಡಿ, ಇನ್ನೇನು ಗೀರಬೇಕು.

"ಅತ್ತೀ!" ಎಂದು ಚೀರಿ ಕಡ್ಡಿಪೆಟ್ಟಿಗೆ ಕಸಿದುಕೊಂಡೆ. ಹಿರಿಯರ ಕೈಯಿಂದ ಕಸಿಯುವುದು ಸೊಸೆಗೆ ಶೋಭೆಯಲ್ಲ ಎಂದು ಆಮೇಲೆ ನೆನಪಾಯಿತು.

"ಇದು ಬೆಂಕಿ ಅಲ್ಲವಾ, ಆರತಿ," ಎಂದರು ಅತ್ತಿ.

"ಮಷೀನ್ ಬಂದ್ ಮಾಡೀನಲ್ಲ ವಿದ್ಯಾ," ಎಂದು ಮಾವ ಏದುಸಿರು ಬಿಡುತ್ತಲೇ ಅಕ್ಕನ ಪರ ವಕಾಲತ್ತು ವಹಿಸಿದರು.

ಮಷೀನು ಹಾಕಿ, ಕೊಳವೆಯನ್ನು ಮೂಗಿಗೆ ಸರಿಪಡಿಸಿ ಹೇಳಿದೆ: "ಬಂದ್ ಮಾಡಿದ್ರೇನಾತ್ರಿ? ಶಾಲಿನಾಗ, ಹಾಸಿಗ್ಯಾಗ, ಕೂದಲದಾಗ ಆ ಗಾಳಿ ಹಂಗೇ ತುಂಬಿರ್ತದ. ಒಂದು ಕಿಡಿ ಬಿದ್ರ ಭಗ್ ಅಂತ ಹತ್ತಕೋತದ. ಮುಖಾನೇ ಸುಡ್ತದ್ರಿ."

ಅತ್ತಿ ತಟ್ಟೆ ಎತ್ತಿಕೊಂಡು ಹೋಗಿ ಅಂಗಳದ ಕಟ್ಟೆಯ ಮೇಲೆ ಕೂತರು. ನೀರು ಕೊಟ್ಟೆ, ಮುಟ್ಟಲಿಲ್ಲ. ತುಟಿ ಒಣಗಿತ್ತು.

"ಆಕಿಗಿ ಸಕ್ಕರಿ ಬ್ಯಾನಿ ಅದ. ಹಿಂಗೇ ಕುಂತ್ರ ಬಿದ್ದುಬಿಡ್ತಾಳ," ಎಂದು ಮಾವ ಒಳಗಿನಿಂದ ಗೋಳಾಡತೊಡಗಿದರು. ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಒಬ್ಬರನ್ನು ಆಸ್ಪತ್ರೆಯಿಂದ ಕರೆತಂದು ಒಂದು ದಿನವಾಗಿಲ್ಲ, ಇನ್ನೊಬ್ಬರನ್ನು ಒಯ್ಯುವ ತಾಕತ್ತು ನನ್ನಲ್ಲಿರಲಿಲ್ಲ.

ಕೊನೆಗೆ ನನ್ನ ಫೋನಿನಿಂದ ಮಾವನ ಫೋನಿಗೆ ವಿಡಿಯೋ ಕರೆ ಹಚ್ಚಿದೆ. ಕೋಣೆಯ ಬಾಗಿಲು ಕಿಟಕಿ ಮುಚ್ಚಿ, ಅತ್ತಿಯನ್ನು ಗೇಟಿನ ಆಚೆ, ಬೀದಿಯಂಚಿಗೆ ಕರೆದೊಯ್ದು, ಫೋನನ್ನು ಕಂಪೌಂಡ್ ಗೋಡೆಗೆ ಆನಿಸಿ ನಿಲ್ಲಿಸಿದೆ.

"ಇದಕ್ಕ ಆರತಿ ಎತ್ಲೇನು? ಡಬ್ಬಿಗಿ?"

"ಡಬ್ಬಿಗಲ್ರಿ, ಒಳಗ ಯಾರದಾರ ನೋಡ್ರಿ."

ಬಗ್ಗಿ ನೋಡಿದರು. "ಎಷ್ಟು ಸೊರಗೀದಿ ತಮ್ಮಾ!" ಎಂದು ಅಲ್ಲೇ ಗಳಗಳ ಅತ್ತರು. ಮಂಚದ ಪಕ್ಕದಲ್ಲಿ ನಿಂತಾಗ ಬರದ ಅಳು ಈಗ ಬಂತು. ಮಾವನೂ ಅತ್ತು, "ಜಲ್ದಿ ಎತ್ತು ಅಕ್ಕಾ, ನೀರ ಕುಡಿ," ಎಂದರು. ಕರ್ಪೂರ ಉರಿಯಿತು. ಬೀದಿಯ ಮಂದಿ ನಿಂತು ನೋಡಿದರು. ಫೋನಿನ ಹಣೆಗೂ ವಿಭೂತಿ ಬಿತ್ತು. ಆರತಿ ಆರಿದ ಮೇಲೆ ಅತ್ತಿ ಚೊಂಬು ಎತ್ತಿ ಗಟಗಟನೆ ಕುಡಿದರು. ನನಗೆ ಹೋದ ಜೀವ ಬಂದಂತಾಯಿತು.

ಅತ್ತಿ ಸಂಜೆ ಬಸ್ಸಿಗೆ ಊರಿಗೆ ಹೋದರು. ಸೋಮವಾರ ಕಮಲಾಪುರದಿಂದ ಮಾವನ ಫೋನಿಗೆ ಅವರದೇ ವಿಡಿಯೋ ಕರೆ ಬಂತು. ನೋಡಿದರೆ ಪೂರಾ ಖಾಲಿ ಅಂಗಳ. ತುಂಬ ದೂರದಲ್ಲಿ, ಬೇಲಿಯ ಹತ್ತಿರ, ಇರುವೆಯಷ್ಟು ಚಿಕ್ಕದಾಗಿ ಅತ್ತಿ ನಿಂತು ಆರತಿ ಎತ್ತುತ್ತಿದ್ದಾರೆ!

"ಅತ್ತೀ, ಹತ್ರ ಬರ್ರಿ, ಮುಖಾನೇ ಕಾಣವಲ್ದು," ಎಂದು ನಗು ತಡೆಯಲಾಗದೆ ಕೂಗಿದೆ. "ಫೋನಿನಾಗಿಂದ ಬೆಂಕಿ ಇಲ್ಲಿತನಕ ಬರಂಗಿಲ್ರಿ!"

"ನಂಗೂ ಗೊತ್ತದ ಬಿಡವಾ," ಎಂದು ಬೇಲಿಯ ಕಡೆಯಿಂದ ಕೂಗು ಬಂತು. "ಆದ್ರೂ ದೂರೇ ಇರ್ಲಿ. ನಂಗಿರೋದು ಒಬ್ಬನೇ ತಮ್ಮ."