ಅಮ್ಮ ಕತ್ತರಿಸಿಕೊಟ್ಟ ವಾರ

ಅಂದು ಬೆಳಗ್ಗೆ ಮಂಜು ಬೀದಿಯ ಮೇಲೆ ತೆಳುವಾದ ಅಸ್ತರಿನಂತೆ ಹರಡಿತ್ತು. ಹೊಲಿಗೆ ಅಂಗಡಿಯ ತಾಯಿ ಕತ್ತರಿ ಹಿಡಿದು, ಒಂದು ಗಳಿಗೆ ದೇವರನ್ನು ನೆನೆದು, ಬಟ್ಟೆಯ ಬದಲು ಕಾಗದ ಕತ್ತರಿಸಲು ಕೂತಳು.

ಮಗಳು ಆ ದಿನ ಕಾಲೇಜಿನಲ್ಲಿ ತನ್ನ ತರಗತಿಗಳನ್ನು ಆರಿಸಿಕೊಳ್ಳಬೇಕಿತ್ತು. ಓದಲಿ, ಆದರೆ ಮಧ್ಯಾಹ್ನ ಅವಳು ಅಂಗಡಿಗೆ ಬೇಕು. ತಾಯಿಗೆ ಈಗೀಗ ಸೂಜಿಯ ಕಣ್ಣೇ ಕಾಣುತ್ತಿರಲಿಲ್ಲ. ಅದಕ್ಕೇ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ವಾರದ ಗೆರೆ ಎಳೆದು, ಗಂಟೆಗೆ ನಾಲ್ಕು ಬೆರಳಿನ ಲೆಕ್ಕದಲ್ಲಿ ಒಂದೊಂದು ವಿಷಯಕ್ಕೂ ಒಂದು ತುಂಡು ಕತ್ತರಿಸಿ, ಎಲ್ಲವನ್ನೂ ಬೆಳಗಿನ ಹೊತ್ತಿಗೇ ಹೊಂದಿಸಿದಳು.

"ಗುರುವಾರ ಮಧ್ಯಾಹ್ನ ಮಾತ್ರ ಖಾಲಿ ಇರ್ಲಿ. ಅಂಗಡಿಗೂ ಬರ್ಬೇಡ."

"ಯಾಕಮ್ಮಾ?"

"ಮಕ್ಕಳ ಬಟ್ಟೆಗೆ ಒಳಗಡೆ ಎರಡು ಬೆರಳು ಬಿಡಲ್ವೇನೇ? ಬೆಳೆಯೋ ಜೀವ ನೀನು."

ಕಾಲೇಜಿನಲ್ಲಿ ತರಗತಿಗೊಂದು ಡಬ್ಬಿ. ಎಷ್ಟು ಸೀಟೋ ಡಬ್ಬಿಯೊಳಗೆ ಅಷ್ಟೇ ಚೀಟಿ. ಸಾಲಿನಲ್ಲಿ ಅವಳ ಮುಂದೆ ಒಬ್ಬ ಬಸ್ ಡ್ರೈವರ್; ಅರ್ಧ ತಲೆ ನರೆತಿದ್ದರೂ ಅವನೂ ಹೊಸ ವಿದ್ಯಾರ್ಥಿಯೇ. ಅವಳ ಅರ್ಜಿಯ ಫೋಟೋ ಕಿತ್ತು ಬಂದಾಗ, "ಓಡು ಮಗಳೇ, ಅಂಟು ಹಾಕ್ಸಿಕೊಂಡು ಬಾ, ನಿನ್ನ ಜಾಗ ಎಲ್ಲೂ ಹೋಗಲ್ಲ" ಎಂದ. ಏದುಸಿರು ಬಿಡುತ್ತ ಬಂದವಳನ್ನು ತನಗಿಂತ ಮುಂದೆಯೇ ಬಿಟ್ಟ.

ಡಬ್ಬಿಗಳ ಮುಂದೆ ಅವಳು ಅಮ್ಮನ ತುಂಡುಗಳನ್ನು ತೆಗೆದಳು. ಲ್ಯಾಬಿನದು ಮಾತ್ರ ಒಂದೇ ಅಳತೆಯ ಎರಡು ತುಂಡುಗಳಾಗಿ ಬಿತ್ತು. 'ವಾರಕ್ಕೆರಡು ಸಲ ಇರಬೇಕು' ಎಂದುಕೊಂಡು ಬೆಳಗಿನ ಲ್ಯಾಬಿನ ಕೊನೆಯ ಚೀಟಿಯನ್ನೂ, ಹೇಗೂ ಖಾಲಿಯಿದ್ದ ಗುರುವಾರ ಮಧ್ಯಾಹ್ನದ ಒಂದನ್ನೂ ತೆಗೆದುಕೊಂಡಳು.

ಗುಮಾಸ್ತ ಕನ್ನಡಕ ಏರಿಸಿದ. "ಇದೇನಮ್ಮಾ, ಎರಡು ಲ್ಯಾಬು? ಒಂದು ನಿಂಗೆ, ಇನ್ನೊಂದು ನಿನ್ನ ನೆರಳಿಗಾ? ಒಬ್ರಿಗೆ ಒಂದೇ."

ಅವಳು ಲ್ಯಾಬಿನ ಎರಡೂ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು. ಅಂಚಿಗೆ ಅಂಚು ಸರಿಯಾಗಿ ಕೂತಿತು. ಅಮ್ಮ ಅಭ್ಯಾಸಬಲದಿಂದ ಈ ಕಾಗದವನ್ನು ಮಡಿಸಿ ಕತ್ತರಿಸಿದ್ದಳು, ಅಂಗಿಯ ತೋಳುಗಳನ್ನು ಕತ್ತರಿಸುವ ಹಾಗೆ! ಅವಳಿಗೆ ನಗು ಬಂತು.

ಹಿಂದೆ ಡ್ರೈವರ್ ಖಾಲಿ ಡಬ್ಬಿಯೊಳಗೆ ಕೈಯಾಡಿಸುತ್ತಿದ್ದ.

"ಬೆಳಗಿಂದು ಮುಗೀತು ಯಜಮಾನ್ರೇ, ಗುರುವಾರ ಮಧ್ಯಾಹ್ನ ಬನ್ನಿ," ಎಂದ ಗುಮಾಸ್ತ.

"ಮಧ್ಯಾಹ್ನ ನಾನಿಲ್ಲಿ ಕೂತ್ರೆ ಬಸ್ಸು ನೀವು ಓಡಿಸ್ತೀರಾ ಸ್ವಾಮಿ?" ಮಾತಿನಲ್ಲಿ ತಮಾಷೆಯಿತ್ತು, ಮುಖದಲ್ಲಿರಲಿಲ್ಲ. ಅವನು ತನ್ನ ಅರ್ಜಿಯನ್ನು ನಿಧಾನವಾಗಿ ಮಡಚತೊಡಗಿದ.

ಬೆಳಗಿನದನ್ನೇ ಇಟ್ಟುಕೊಂಡರೆ ಅವಳ ಗುರುವಾರ ಖಾಲಿಯಾಗಿಯೇ ಉಳಿಯುತ್ತಿತ್ತು. ಆದರೆ ಸಾಲಿನಲ್ಲಿ ಮುಂದಿನ ಜಾಗ ಅವನದು. ಆ ಚೀಟಿಯೂ ಅವನದೇ. ಅಮ್ಮ ಒಳಗೆ ಬಿಟ್ಟ ಎರಡು ಬೆರಳು ನೆನಪಾಯಿತು. ಭಗವಂತ ಯಾರ ಕೈಯಿಂದ ಯಾರಿಗೆ ಅಳತೆ ಹಾಕಿಸುತ್ತಾನೋ!

ಮಧ್ಯಾಹ್ನದ ಚೀಟಿಯನ್ನು ಗುಮಾಸ್ತನ ಮುಂದಿಟ್ಟಳು. ಬೆಳಗಿನದನ್ನು ಡ್ರೈವರನ ಕೈಗೆ ಕೊಟ್ಟಳು.